ಕಾವಲು ಅಟ್ಟಣೆಯ ದೀಪಕ್ಕೆ ಎರಡು ಟ್ರಾನ್ಸಿಸ್ಟರು

ದೊಡ್ಡಗಾಜನೂರಿನ ಆಸುಪಾಸಿನಲ್ಲಿ ರಾಗಿ ತೆನೆ ಬಲಿಯುವ ಕಾಲಕ್ಕೂ ಮುಸುಕಿನ ಜೋಳ ಹಾಲುಗಟ್ಟುವ ಕಾಲಕ್ಕೂ ಹೊಲದವನು ಮನೆಯಲ್ಲಿ ಮಲಗುವುದುಂಟೆ? ಬಾಳೆ, ಕಬ್ಬು ಇಟ್ಟವನಿಗಂತೂ ವರ್ಷವೆಲ್ಲ ಕಾವಲೇ. ಸತ್ಯಮಂಗಲದ ಕಾಡು ೨೦೧೩ರಲ್ಲಿ ಹುಲಿ ರಕ್ಷಿತ ಪ್ರದೇಶವಾಯಿತು. ಆ ಕಾಡಿಗೂ ಹೊಲಕ್ಕೂ ನಡುವೆ ಕೆಲವು ಕಡೆ ಒಂದು ಬದು ಮಾತ್ರ ಅಡ್ಡ. ತಾಳವಾಡಿ ಸೀಮೆಯಲ್ಲಿ ಬೆಳೆಗೆ ನುಗ್ಗುತ್ತಿದ್ದ ಕರುಪ್ಪನ್ ಎಂಬ ಸಲಗವನ್ನು ಅರಣ್ಯ ಇಲಾಖೆಯವರು ಹಲವು ಸಲ ಪ್ರಯತ್ನಪಟ್ಟು ೨೦೨೩ರ ಏಪ್ರಿಲಿನಲ್ಲಿ ಹಿಡಿದದ್ದು ನಮ್ಮ ವಾಚಕರಿಗೆ ನೆನಪಿರಬಹುದು. ಒಂದು ಆನೆ ಹೋದರೂ ಆನೆಯ ಹಾದಿ ಹೋಗುವುದಿಲ್ಲ. ಹಂದಿಯ ಕಾಟವನ್ನಂತೂ ಹೇಳುವುದೇ ಬೇಡ.

ಅಟ್ಟಣೆಯ ಮೇಲೆ ಕುಳಿತವನಿಗೆ ದೀಪವೇ ಕಣ್ಣು. ಹಿಂದೆ ಲಾಂದ್ರ, ಆಮೇಲೆ ಬ್ಯಾಟರಿ ಟಾರ್ಚು, ಈಗ ಎಲ್.ಇ.ಡಿ. ದೀಪ. ಔಷಧಿ ಹೊಡೆಯುವ ಪಂಪಿನ ೧೨ ವೋಲ್ಟಿನ ಬ್ಯಾಟರಿಯನ್ನೋ, ಹಳೆಯ ಬೈಕಿನ ಬ್ಯಾಟರಿಯನ್ನೋ ತಂದು, ಅಂಗಡಿಯಲ್ಲಿ ಸಿಕ್ಕ ಬಿಳಿ ದೀಪವನ್ನು ಅದಕ್ಕೆ ಕಟ್ಟಿ ರಾತ್ರಿ ಕಳೆಯುವವರು ಬಹಳ ಮಂದಿ. ಇಂಥ ದೀಪಗಳ ಬಗ್ಗೆ ಎರಡು ದೂರು ಸಾಮಾನ್ಯವಾಗಿ ಕೇಳಿಬರುತ್ತವೆ. ಸಂಜೆ ಕಣ್ಣು ಕೋರೈಸುವಂತೆ ಉರಿದದ್ದು ನಡುರಾತ್ರಿ ದಾಟುವಷ್ಟರಲ್ಲಿ ಮಂಕಾಗುತ್ತದೆ ಎಂಬುದು ಒಂದು. ತಂದ ಕೆಲವೇ ತಿಂಗಳಲ್ಲಿ ದೀಪದ ಕಾಳು ಕಪ್ಪಗಾಗಿ ಸತ್ತುಹೋಗುತ್ತದೆ ಎಂಬುದು ಇನ್ನೊಂದು. ಜನ ಬ್ಯಾಟರಿಯನ್ನು ದೂರುತ್ತಾರೆ, ಇಲ್ಲವೆ ಅಂಗಡಿಯವನನ್ನು ದೂರುತ್ತಾರೆ. ಬಹುಪಾಲು ತಪ್ಪು ಇವೆರಡರ ನಡುವಿನ ಜೋಡಣೆಯಲ್ಲಿದೆ. ಕೈಯಾರೆ ಬೆಸುಗೆ ಹಾಕಬಲ್ಲ ಯಾವ ಹುಡುಗನಾದರೂ ಅದನ್ನು ಸರಿಪಡಿಸಬಹುದು. ಹೇಗೆಂಬುದನ್ನು ಈ ವಾರ ವಿವರಿಸುತ್ತೇವೆ.

ಒತ್ತಡ ಬೇರೆ, ಪ್ರವಾಹ ಬೇರೆ

ಬ್ಯಾಟರಿಯ ಮೇಲೆ ೧೨ ವೋಲ್ಟ್ ಎಂದು ಬರೆದಿರುವುದು ಒತ್ತಡದ ಅಳತೆ. ಕೆರೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದ ಹಾಗೆ. ತಂತಿಯಲ್ಲಿ ಹರಿಯುವ ಮೊತ್ತ ಪ್ರವಾಹ. ಅದನ್ನು ಆಂಪಿಯರಿನಲ್ಲಿ ಅಳೆಯುತ್ತಾರೆ. ಕಾಲುವೆಯಲ್ಲಿ ಎಷ್ಟು ನೀರು ಹೋಗುತ್ತಿದೆ ಎಂದ ಹಾಗೆ. ಎಲ್.ಇ.ಡಿ. ಕೊಡುವ ಬೆಳಕು ಪ್ರವಾಹದ ಲೆಕ್ಕಕ್ಕೆ ಸೇರಿದ್ದು, ಒತ್ತಡದ ಲೆಕ್ಕಕ್ಕಲ್ಲ.

ಹಳೆಯ ಕಾಲದ ತಂತಿ ಬಲ್ಬಿಗೆ ಒಂದು ಒಳ್ಳೆಯ ಗುಣವಿತ್ತು. ಅದರ ತಂತಿ ಕಾದಷ್ಟೂ ಪ್ರವಾಹಕ್ಕೆ ಹೆಚ್ಚು ಅಡ್ಡ ಬರುತ್ತಿತ್ತು. ಹೀಗಾಗಿ ತನ್ನನ್ನು ತಾನೇ ತಡೆದುಕೊಳ್ಳುತ್ತಿತ್ತು. ಎಲ್.ಇ.ಡಿ.ಯ ಸ್ವಭಾವ ಇದಕ್ಕೆ ತಿರುಗುಮುರುಗು. ಬಿಳಿ ಎಲ್.ಇ.ಡಿ. ಸುಮಾರು ೩ ವೋಲ್ಟಿನ ತನಕ ಸುಮ್ಮನಿದ್ದಂತೆ ಇದ್ದು, ಅಲ್ಲಿಂದ ಮುಂದೆ ಒತ್ತಡ ಒಂದೆರಡು ದಶಾಂಶ ಏರಿದರೂ ಪ್ರವಾಹವನ್ನು ದುಪ್ಪಟ್ಟು ನುಂಗುತ್ತದೆ. ಅದು ಬಿಸಿಯಾದರೆ ಅದೇ ಒತ್ತಡದಲ್ಲಿ ಇನ್ನೂ ಹೆಚ್ಚು ನುಂಗುತ್ತದೆ. ಹೆಚ್ಚು ನುಂಗಿದರೆ ಇನ್ನೂ ಬಿಸಿ. ಕಾಳು ಕಪ್ಪಗಾಗುವುದು ಹೀಗೆ.

ಇನ್ನು ಬ್ಯಾಟರಿಯೂ ಹೆಸರಿಗೆ ಮಾತ್ರ ೧೨ ವೋಲ್ಟು. ಸೂರ್ಯನ ಫಲಕದಿಂದಲೋ ಚಾರ್ಜರಿನಿಂದಲೋ ತುಂಬುತ್ತಿರುವಾಗ ಅದು ೧೪.೪ ವೋಲ್ಟಿನ ತನಕ ಏರುತ್ತದೆ. ತುಂಬಿ ವಿಶ್ರಾಂತಿಯಲ್ಲಿರುವಾಗ ೧೨.೭ರ ಸುಮಾರು. ಬೆಳಗಿನ ಜಾವಕ್ಕೆ ಸೋತು ೧೧ರ ಚಿಲ್ಲರೆಗೆ ಇಳಿದಿರುತ್ತದೆ.

ಅಂಗಡಿಯ ಅಗ್ಗದ ದೀಪಗಳಲ್ಲಿ ಸಾಮಾನ್ಯವಾಗಿ ಒಂದು ವಾಟಿನ ಮೂರು ಕಾಳುಗಳನ್ನು ಒಂದರ ಹಿಂದೊಂದು ಕಟ್ಟಿ, ಜೊತೆಗೆ ೧೦ ಓಮಿನ ಒಂದು ರೆಸಿಸ್ಟರ್, ಅಂದರೆ ತಡೆ, ಹಾಕಿರುತ್ತಾರೆ. ಲೆಕ್ಕ ಹಾಕಿ ನೋಡೋಣ. ಮೂರು ಕಾಳು ಸೇರಿ ಸುಮಾರು ೯.೩ ವೋಲ್ಟ್ ತೆಗೆದುಕೊಳ್ಳುತ್ತವೆ. ಬ್ಯಾಟರಿ ೧೨.೨ ಇದ್ದರೆ ಉಳಿದದ್ದು ೨.೯, ಅದನ್ನು ೧೦ರಿಂದ ಭಾಗಿಸಿದರೆ ೦.೨೯ ಆಂಪಿಯರ್, ಅಂದರೆ ೨೯೦ ಮಿಲಿ ಆಂಪಿಯರ್. ಕಾಳಿನ ಮಿತಿ ೩೫೦, ಆದ್ದರಿಂದ ಸರಿಯೇ ಆಯಿತು. ಆದರೆ ಬ್ಯಾಟರಿ ತುಂಬುತ್ತಿರುವಾಗ ದೀಪ ಆರಿಸಲು ಮರೆತರೆ ೪೭೦ರ ಸುಮಾರು ಹರಿಯುತ್ತದೆ. ಜಾವದ ೧೧.೨ ವೋಲ್ಟಿಗೆ ಇಳಿದಾಗ ಸುಮಾರು ೨೦೦ಕ್ಕೆ ಬೀಳುತ್ತದೆ. ಒತ್ತಡದಲ್ಲಿ ಕಾಲು ಭಾಗದ ಏರಿಳಿತಕ್ಕೆ ಪ್ರವಾಹ ಎರಡು ಪಟ್ಟಿಗೂ ಮೀರಿ ಕುಣಿಯಿತು. ಆನೆ ಬರುವ ಹೊತ್ತಿಗೇ ದೀಪ ಮಂಕು.

ಕೆಲವು ದೀಪಗಳಲ್ಲಿ ಕಾಳುಗಳನ್ನು ಅಕ್ಕಪಕ್ಕ ಜೋಡಿಸಿ ಎಲ್ಲಕ್ಕೂ ಸೇರಿ ಒಂದೇ ರೆಸಿಸ್ಟರ್ ಹಾಕಿರುತ್ತಾರೆ. ಅದು ಇನ್ನೂ ಕೆಟ್ಟದ್ದು. ಎಲ್ಲ ಕಾಳೂ ಒಂದೇ ಅಚ್ಚಿನವಲ್ಲ. ಸ್ವಲ್ಪ ಸಡಿಲಾದದ್ದು ಎಲ್ಲರ ಪಾಲನ್ನೂ ನುಂಗಿ ಮೊದಲು ಸಾಯುತ್ತದೆ, ಅದರ ಪಾಲು ಉಳಿದವುಗಳ ತಲೆಯ ಮೇಲೆ ಬೀಳುತ್ತದೆ. ಒಂದರ ಹಿಂದೊಂದು ಕಟ್ಟಿದರೆ ಎಲ್ಲಕ್ಕೂ ಒಂದೇ ಪ್ರವಾಹ, ತಕರಾರಿಲ್ಲ.

ನೀರುಗಂಟಿಯ ಕೆಲಸ

ಬೇಕಾದದ್ದೇನೆಂದರೆ, ಬ್ಯಾಟರಿಯ ಒತ್ತಡ ಏರಲಿ ಇಳಿಯಲಿ, ಕಾಳುಗಳಿಗೆ ಗೊತ್ತುಮಾಡಿದಷ್ಟೇ ಪ್ರವಾಹ ಹೋಗುವಂಥ ಒಂದು ಕಾವಲು. ಇದನ್ನು ಸ್ಥಿರ ಪ್ರವಾಹದ ಮೂಲ ಎನ್ನುತ್ತಾರೆ. ಹಳ್ಳಿಯವರಿಗೆ ಇದರ ಅರ್ಥ ಹೇಳಿಕೊಡಬೇಕಾದ್ದಿಲ್ಲ. ಕೆರೆ ತುಂಬಿರಲಿ ಅರ್ಧವಿರಲಿ, ಕಾಲುವೆಯಲ್ಲಿ ನೆಟ್ಟ ಗುರುತಿನ ಕಲ್ಲಿನ ಮಟ್ಟಕ್ಕೆ ಮಾತ್ರ ನೀರು ಹರಿಯುವ ಹಾಗೆ ತೂಬನ್ನು ಏರಿಸಿ ಇಳಿಸಿ ನೋಡಿಕೊಳ್ಳುವ ನೀರುಗಂಟಿ ಮಾಡುತ್ತಿದ್ದದ್ದು ಇದೇ ಕೆಲಸ.

ಟ್ರಾನ್ಸಿಸ್ಟರ್ ಎಂದರೆ ನಮ್ಮ ಹಿರಿಯರಿಗೆ ಹೆಗಲಿಗೆ ತೂಗುಹಾಕಿಕೊಂಡು ಹೊಲಕ್ಕೆ ಒಯ್ಯುವ ರೇಡಿಯೊ. ರೇಡಿಯೊದ ಒಳಗಿದ್ದ ಕಾಳಿನ ಹೆಸರೇ ಪೆಟ್ಟಿಗೆಗೆ ಬಂತು. ಆ ಕಾಳು ಹುಟ್ಟಿದ್ದು ೧೯೪೭ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ. ಬಾರ್ಡೀನ್, ಬ್ರಾಟೈನ್, ಶಾಕ್ಲಿ ಎಂಬ ಮೂವರಿಗೆ ಅದಕ್ಕಾಗಿ ೧೯೫೬ರಲ್ಲಿ ನೊಬೆಲ್ ಬಹುಮಾನ ಬಂತು. ಕೊಳ್ಳೇಗಾಲ ಮೈಸೂರಿಗೆ ಸೇರಿ ತಾಳವಾಡಿ ಮದ್ರಾಸಿನಲ್ಲೇ ಉಳಿದದ್ದೂ ಅದೇ ವರ್ಷ ಎಂದರೆ ಕಾಲ ನೆನಪಿಟ್ಟುಕೊಳ್ಳುವುದು ಸುಲಭ. ಬಿಳಿ ಎಲ್.ಇ.ಡಿ.ಗೆ ಆಧಾರವಾದ ನೀಲಿ ಎಲ್.ಇ.ಡಿ. ಬಹಳ ತಡವಾಗಿ ಬಂತು. ಅದಕ್ಕೆ ಮೂವರು ಜಪಾನಿ ಸಂಜಾತರಿಗೆ ನೊಬೆಲ್ ಸಂದದ್ದು ೨೦೧೪ರಲ್ಲಿ.

ಟ್ರಾನ್ಸಿಸ್ಟರಿಗೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರಿನಿಂದ ಎಮಿಟರಿಗೆ ದೊಡ್ಡ ಹೊಳೆ. ಬೇಸಿಗೆ ಕೊಡುವ ಸಣ್ಣ ಹನಿಯೇ ಆ ಹೊಳೆಯ ತೂಬು. ಇದರಲ್ಲಿ ಗಮನಿಸಬೇಕಾದ ವಿಶೇಷ ಒಂದುಂಟು. ಟ್ರಾನ್ಸಿಸ್ಟರಿನ ಮೇಲೆ ಒಂದಿಷ್ಟು ಒತ್ತಡ ಉಳಿದಿರುವ ತನಕ ಹೊಳೆಯ ಗಾತ್ರ ತೂಬಿನ ಮಾತು ಕೇಳುತ್ತದೆಯೇ ಹೊರತು ಮೇಲಿನ ಒತ್ತಡದ ಮಾತನ್ನು ಹೆಚ್ಚಾಗಿ ಕೇಳುವುದಿಲ್ಲ. ಇನ್ನೊಂದು ವಿಶೇಷ: ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಸುಮಾರು ೦.೬೫ ವೋಲ್ಟ್ ಬಂದಾಗ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಿದ್ದೆ. ಈ ೦.೬೫ ವೋಲ್ಟೇ ನಮ್ಮ ಗುರುತಿನ ಕಲ್ಲು.

ದೊಡ್ಡ ಟ್ರಾನ್ಸಿಸ್ಟರು ತೂಬು, ಸಣ್ಣದು ನೀರುಗಂಟಿ. ತೂಬಿನಿಂದ ಹೊರಬಂದ ಪ್ರವಾಹವನ್ನು ೨.೨ ಓಮಿನ ಒಂದು ಸಣ್ಣ ರೆಸಿಸ್ಟರಿನ ಮೂಲಕ ಮೈನಸ್ಸಿಗೆ ಬಿಡುತ್ತೇವೆ. ಪ್ರವಾಹ ಹೆಚ್ಚಿದರೆ ಆ ರೆಸಿಸ್ಟರಿನ ಮೇಲೆ ಒತ್ತಡ ಹೆಚ್ಚುತ್ತದೆ. ಅದು ೦.೬೫ ಮುಟ್ಟಿದ ಕೂಡಲೇ ನೀರುಗಂಟಿ ಎಚ್ಚೆತ್ತು, ದೊಡ್ಡ ಟ್ರಾನ್ಸಿಸ್ಟರಿನ ಬೇಸಿಗೆ ಹೋಗುತ್ತಿದ್ದ ಹನಿಯಲ್ಲಿ ಒಂದು ಪಾಲನ್ನು ತಾನೇ ಎಳೆದು ಮೈನಸ್ಸಿಗೆ ಚೆಲ್ಲಿಬಿಡುತ್ತದೆ. ತೂಬು ಸ್ವಲ್ಪ ಮುಚ್ಚುತ್ತದೆ. ಪ್ರವಾಹ ಕಡಿಮೆಯಾದರೆ ಅದು ತೂಕಡಿಸುತ್ತದೆ, ತೂಬು ತೆರೆಯುತ್ತದೆ. ಕಣ್ಣೆವೆ ಮುಚ್ಚುವುದಕ್ಕಿಂತ ಬಹಳ ಬೇಗ ಇವೆಲ್ಲ ನಡೆಯುವುದರಿಂದ ನಮಗೆ ಕಾಣುವುದು ಅಲುಗದ ಬೆಳಕು ಮಾತ್ರ. ೦.೬೫ನ್ನು ೨.೨ರಿಂದ ಭಾಗಿಸಿದರೆ ೦.೨೯೫, ಅಂದರೆ ೨೯೫ ಮಿಲಿ ಆಂಪಿಯರ್. ಬ್ಯಾಟರಿ ೧೪.೪ ಇದ್ದರೂ ಅಷ್ಟೇ, ೧೧.೫ ಇದ್ದರೂ ಅಷ್ಟೇ.

ಸಾಮಾನು ಮತ್ತು ಜೋಡಣೆ

ಬಿ.ಡಿ. ೧೩೯ ಎಂಬ ಟ್ರಾನ್ಸಿಸ್ಟರು ಒಂದು, ಬಿ.ಸಿ. ೫೪೭ ಒಂದು, ೨.೨ ಓಮಿನ ಒಂದು ವಾಟ್ ರೆಸಿಸ್ಟರ್, ೬೮೦ ಓಮಿನ ಅರ್ಧ ವಾಟ್ ರೆಸಿಸ್ಟರ್; ಒಂದು ವಾಟಿನ ಬಿಳಿ ಎಲ್.ಇ.ಡಿ. ಮೂರು, ಒಂದು ಆಂಪಿಯರಿನ ಫ್ಯೂಸ್, ಸ್ವಿಚ್ಚು, ಅಂಗೈಯಗಲ ಅಲ್ಯೂಮಿನಿಯಂ ತಗಡು ಎರಡು ತುಂಡು. ಚಾಮರಾಜನಗರದಲ್ಲಾಗಲಿ ಸತ್ಯಮಂಗಲದಲ್ಲಾಗಲಿ ಟಿ.ವಿ. ರಿಪೇರಿಯವರನ್ನು ವಿಚಾರಿಸಿರಿ, ಸಿಗದಿದ್ದರೆ ಈರೋಡಿಗೋ ಕೊಯಮತ್ತೂರಿಗೋ ಹೋಗುವವರ ಕೈಲಿ ಚೀಟಿ ಕೊಟ್ಟು ಕಳುಹಿಸಿರಿ. ಕನ್ನಡವೋ ತಮಿಳೋ ಎಂಬ ತೊಡಕಿಲ್ಲ, ಈ ನಂಬರುಗಳು ಎಲ್ಲ ಅಂಗಡಿಯವರಿಗೂ ಗೊತ್ತು. ೨.೨ ಓಮಿನದಕ್ಕೆ ಕೆಂಪು, ಕೆಂಪು, ಚಿನ್ನದ ಪಟ್ಟಿ. ೬೮೦ಕ್ಕೆ ನೀಲಿ, ಬೂದು, ಕಂದು.

ಕಾಲುಗಳನ್ನು ಗುರುತಿಸುವುದರಲ್ಲೇ ಹೆಚ್ಚು ಮಂದಿ ಎಡವುವುದು. ಬಿ.ಡಿ. ೧೩೯ರ ಅಕ್ಷರವಿರುವ ಮುಖ ನಿಮ್ಮ ಕಡೆಗೆ, ಕಾಲು ಕೆಳಕ್ಕೆ ಹಿಡಿದರೆ ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್. ಬಿ.ಸಿ. ೫೪೭ರ ಚಪ್ಪಟೆ ಮುಖ ನಿಮ್ಮ ಕಡೆಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡರ ಕ್ರಮವೂ ಬೇರೆ ಎಂಬುದನ್ನು ಮರೆಯತಕ್ಕದ್ದಲ್ಲ.

ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೊದಲನೆಯ ಎಲ್.ಇ.ಡಿ.ಯ ಪ್ಲಸ್ಸಿಗೆ ತಂತಿ ಎಳೆಯಿರಿ. ಅದರ ಮೈನಸ್ ಎರಡನೆಯದರ ಪ್ಲಸ್ಸಿಗೆ, ಎರಡನೆಯದರ ಮೈನಸ್ ಮೂರನೆಯದರ ಪ್ಲಸ್ಸಿಗೆ. ಮೂರನೆಯದರ ಮೈನಸ್ ಬಿ.ಡಿ. ೧೩೯ರ ಕಲೆಕ್ಟರಿಗೆ. ಅದರ ಎಮಿಟರಿನಿಂದ ೨.೨ ಓಮಿನ ರೆಸಿಸ್ಟರಿನ ಮೂಲಕ ಬ್ಯಾಟರಿಯ ಮೈನಸ್ಸಿಗೆ. ಇಷ್ಟು ದೊಡ್ಡ ಕಾಲುವೆ. ಇನ್ನು ಸ್ವಿಚ್ಚಿನ ಆಚೆಯ ಪ್ಲಸ್ಸಿನಿಂದ ೬೮೦ ಓಮಿನ ರೆಸಿಸ್ಟರಿನ ಮೂಲಕ ಬಿ.ಡಿ. ೧೩೯ರ ಬೇಸಿಗೆ ಒಂದು ತಂತಿ. ಅದೇ ಬೇಸಿಗೆ ಬಿ.ಸಿ. ೫೪೭ರ ಕಲೆಕ್ಟರನ್ನು ಬೆಸೆಯಿರಿ. ಬಿ.ಸಿ. ೫೪೭ರ ಬೇಸನ್ನು ದೊಡ್ಡದರ ಎಮಿಟರ್ ಮತ್ತು ೨.೨ ಓಮ್ ಕೂಡುವ ಜಾಗಕ್ಕೆ, ಎಮಿಟರನ್ನು ಬ್ಯಾಟರಿಯ ಮೈನಸ್ಸಿಗೆ ಸೇರಿಸಿದರೆ ಕೆಲಸ ಮುಗಿಯಿತು.

ಬಿ.ಡಿ. ೧೩೯ನ್ನು ಒಂದು ತಗಡಿಗೆ ತಿರುಪಿನಿಂದ ಬಿಗಿಯಿರಿ. ಬ್ಯಾಟರಿ ತುಂಬಿರುವಾಗ ಉಳಿದ ಒತ್ತಡವನ್ನೆಲ್ಲ ಅದೇ ಹೊರುವುದರಿಂದ ೧೪.೪ ವೋಲ್ಟಿನಲ್ಲಿ ೧.೩ ವಾಟಿನಷ್ಟು ಬಿಸಿ ಅದರಲ್ಲಿ ಹುಟ್ಟುತ್ತದೆ, ತಗಡಿಲ್ಲದಿದ್ದರೆ ತಡೆಯಲಾರದು. ಅದರ ಬೆನ್ನಿನ ಲೋಹ ಒಳಗೆ ಕಲೆಕ್ಟರಿಗೆ ಸೇರಿದೆ, ಆದ್ದರಿಂದ ಈ ತಗಡು ಬೇರೆ ಯಾವ ತಂತಿಗೂ ಎಲ್.ಇ.ಡಿ.ಗಳ ತಗಡಿಗೂ ತಗಲಬಾರದು. ಎಲ್.ಇ.ಡಿ.ಗಳನ್ನು ಎರಡನೆಯ ತಗಡಿಗೆ ಕೂರಿಸಿರಿ. ೧೨ ವೋಲ್ಟಿಗೆ ಮೂರರ ಬದಲು ಒಂದೇ ಕಾಳು ಕಟ್ಟಿದರೂ ಉರಿಯುತ್ತದೆ, ಆದರೆ ಟ್ರಾನ್ಸಿಸ್ಟರು ಎರಡೂವರೆ ವಾಟಿನಷ್ಟು ಕಾಯುತ್ತದೆ, ಬೇಡ.

ಕಾಳು ಕಟ್ಟುವ ಮೊದಲು ಪರೀಕ್ಷೆ

ಜೋಡಣೆಯಲ್ಲಿ ತಪ್ಪಿದ್ದರೆ ಮೂರು ಕಾಳೂ ಒಂದು ಕ್ಷಣದಲ್ಲಿ ಸಾಯಬಹುದು. ಆದುದರಿಂದ ಮೊದಲು ಕಾಳುಗಳ ಜಾಗದಲ್ಲಿ ಬೈಕಿನ ೧೨ ವೋಲ್ಟ್, ೫ ವಾಟಿನ ಸಣ್ಣ ಬಲ್ಬನ್ನು ಕಟ್ಟಿರಿ. ಸ್ವಿಚ್ಚು ಹಾಕಿ, ೨.೨ ಓಮಿನ ಎರಡು ತುದಿಗೆ ಮೀಟರು ಹಿಡಿಯಿರಿ. ೦.೬ರಿಂದ ೦.೭ ವೋಲ್ಟ್ ತೋರಿಸಿ ಬಲ್ಬು ಕೆಂಪಗೆ, ಸೋತಂತೆ ಉರಿದರೆ ನೀರುಗಂಟಿ ಕೆಲಸ ಮಾಡುತ್ತಿದ್ದಾನೆ. ಬಲ್ಬು ಪೂರಾ ಉರಿದು ಮೀಟರು ೦.೮ಕ್ಕಿಂತ ಮೇಲೆ ತೋರಿಸಿದರೆ ಬಿ.ಸಿ. ೫೪೭ರ ಕಾಲು ತಪ್ಪಿದೆ ಅಥವಾ ಅದು ಸತ್ತಿದೆ. ಬಲ್ಬು ಉರಿಯದೆ ಮೀಟರು ಸೊನ್ನೆಯ ಹತ್ತಿರವಿದ್ದರೆ ೬೮೦ ಓಮಿನ ಬೆಸುಗೆಯನ್ನೂ ದೊಡ್ಡದರ ಕಾಲುಗಳನ್ನೂ ನೋಡಿರಿ. ಸರಿಯಾದ ಮೇಲೆ ಬಲ್ಬು ತೆಗೆದು ಕಾಳು ಕಟ್ಟತಕ್ಕದ್ದು.

ಇದರ ಗುಣಾವಗುಣ

ಈ ಜೋಡಣೆ ಬ್ಯಾಟರಿಯನ್ನು ಉಳಿತಾಯ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತಿದ್ದದ್ದು ಇಲ್ಲಿ ಟ್ರಾನ್ಸಿಸ್ಟರಿನಲ್ಲಿ ಬಿಸಿಯಾಗಿ ಹೋಗುತ್ತದೆ, ಅಷ್ಟೆ. ಬ್ಯಾಟರಿಯಿಂದ ತೆಗೆದದ್ದರಲ್ಲಿ ಮುಕ್ಕಾಲು ಪಾಲು ಮಾತ್ರ ಕಾಳಿಗೆ ಸೇರುತ್ತದೆ. ಇದಕ್ಕಿಂತ ಮಿತವ್ಯಯದ ಯಂತ್ರಗಳು ಅಂಗಡಿಯಲ್ಲುಂಟು. ಅವು ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಬಿಡುತ್ತವೆ. ಕೆಟ್ಟರೆ ಊರಿನಲ್ಲಿ ಸರಿಮಾಡುವವರಿಲ್ಲ. ನಾಲ್ಕೇ ಬಿಡಿಭಾಗದ ಈ ಜೋಡಣೆ ಕೆಟ್ಟರೆ ಮೇಲೆ ಹೇಳಿದ ಪರೀಕ್ಷೆಯಿಂದ ಅರ್ಧ ಗಂಟೆಯಲ್ಲಿ ತಪ್ಪು ಸಿಗುತ್ತದೆ. ಅಟ್ಟಣೆಯ ದೀಪಕ್ಕೆ ನಾವು ಇದನ್ನೇ ಮೆಚ್ಚುತ್ತೇವೆ.

ಲಾಭ ಕಾಣುವುದು ಬೇರೆ ಕಡೆ. ಮೊದಲನೆಯದಾಗಿ ಲೆಕ್ಕ ಖಚಿತವಾಗುತ್ತದೆ. ಎಲ್ಲ ಸೇರಿ ಗಂಟೆಗೆ ೦.೩೧ ಆಂಪಿಯರಿನಂತೆ ಹತ್ತು ಗಂಟೆಗೆ ೩.೧. ಪಂಪಿನ ಬ್ಯಾಟರಿ ೮ ಆಂಪಿಯರ್-ಗಂಟೆಯದಾದರೆ ಅರ್ಧ ಮುಟ್ಟುವ ಮೊದಲೇ ಬೆಳಗಾಗುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದರ ಆಯುಷ್ಯ ಹೆಚ್ಚು. ಎರಡನೆಯದಾಗಿ, ಬ್ಯಾಟರಿ ೧೧ರ ಹತ್ತಿರ ಇಳಿದಾಗ ತೂಬು ಪೂರ್ತಿ ತೆರೆದರೂ ನೀರು ಸಾಲದೆ ದೀಪ ಮಂಕಾಗತೊಡಗುತ್ತದೆ. ಅಲ್ಲಿಯ ತನಕ ಅಲುಗದಿದ್ದ ದೀಪ ಮಂಕಾಯಿತೆಂದರೆ ಬ್ಯಾಟರಿಯನ್ನು ಇನ್ನು ಹಿಂಡಬಾರದೆಂದು ತಿಳಿಯತಕ್ಕದ್ದು.

ಬ್ಯಾಟರಿ ಮನೆಯಲ್ಲಿ, ದೀಪ ಹೊಲದ ತುದಿಯಲ್ಲಿ ಇರುವವರಿಗೂ ಇದು ಅನುಕೂಲ. ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ೧೦೦ ಮೀಟರ್ ದೂರಕ್ಕೆ ಎಳೆದರೆ ಹೋಗಿಬರುವ ಹಾದಿಯಲ್ಲಿ ಸುಮಾರು ೦.೭ ವೋಲ್ಟ್ ನಷ್ಟವಾಗುತ್ತದೆ. ರೆಸಿಸ್ಟರಿನ ದೀಪವಾದರೆ ಹತ್ತಿರದ ಅಟ್ಟಣೆಯದು ಪ್ರಖರ, ದೂರದ್ದು ಮಂಕು. ಈ ಜೋಡಣೆಯಲ್ಲಿ ಎರಡೂ ಒಂದೇ ಸಮ. ದೂರದ್ದು ೧೧ರ ಬದಲು ೧೧.೭ರಲ್ಲೇ ಮಂಕಾಗತೊಡಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಪ್ರತಿ ಮೂರು ಕಾಳಿಗೂ ಬೇರೆ ಬೇರೆ ತೂಬು ಇರಬೇಕು, ಒಂದಕ್ಕೇ ಎರಡು ಸಾಲು ಕಟ್ಟಬಾರದು.

ಚಳಿ ಬಿಸಿಲಿಗೆ ಗುರುತಿನ ಕಲ್ಲು ಸ್ವಲ್ಪ ಸರಿಯುವುದುಂಟು. ಒಂದು ಡಿಗ್ರಿ ಶಾಖ ಏರಿದರೆ ೦.೬೫ರಲ್ಲಿ ೨ ಮಿಲಿವೋಲ್ಟ್ ಇಳಿಯುತ್ತದೆ. ಸಣ್ಣ ಟ್ರಾನ್ಸಿಸ್ಟರನ್ನು ಎಲ್.ಇ.ಡಿ. ತಗಡಿಗೆ ಒತ್ತಿದ ಹಾಗೆ ಇಟ್ಟರೆ ಇದೇ ಒಂದು ರಕ್ಷಣೆ: ಕಾಳು ೨೫ ಡಿಗ್ರಿ ಹೆಚ್ಚು ಕಾದರೆ ಪ್ರವಾಹ ತಾನಾಗಿ ೨೭೦ರ ಸುಮಾರಿಗೆ ಇಳಿಯುತ್ತದೆ.

ಕಾವಲಿನವರಿಗೆ ಇನ್ನೊಂದು ಉಪಾಯ. ೨.೨ ಓಮಿನ ಬದಲು ೪.೭ ಓಮ್ ಹಾಕಿದರೆ ಪ್ರವಾಹ ೧೩೮ ಮಿಲಿ ಆಂಪಿಯರ್ ಮಾತ್ರ. ಕೂತು ಬೀಡಿ ಸೇದುವಷ್ಟು, ಹಾದಿ ಕಾಣುವಷ್ಟು ಬೆಳಕು. ಅದರ ಪಕ್ಕದಲ್ಲೇ ಇನ್ನೊಂದು ೪.೭ ಓಮನ್ನು ಒಂದು ಸಣ್ಣ ಸ್ವಿಚ್ಚಿನ ಮೂಲಕ ಕಟ್ಟಿರಿ. ಕಬ್ಬಿನಲ್ಲಿ ಸದ್ದಾದಾಗ ಸ್ವಿಚ್ಚು ಒತ್ತಿದರೆ ಎರಡೂ ಸೇರಿ ೨೭೭ಕ್ಕೆ ಏರುತ್ತದೆ. ಹೀಗೆ ಬಳಸಿದರೆ ಅದೇ ಬ್ಯಾಟರಿ ಎರಡು ರಾತ್ರಿ ಬರುತ್ತದೆ.

ಎರಡು ಮಾತು ಎಚ್ಚರಿಕೆಗೆ. ಸೌರ ಬೇಲಿಯ ಪೆಟ್ಟಿಗೆಗೆ ಇಟ್ಟ ಬ್ಯಾಟರಿಯಿಂದ ದೀಪ ಎಳೆಯಬೇಡಿರಿ. ದೀಪ ಬ್ಯಾಟರಿಯನ್ನು ಕುಡಿದು ಮುಗಿಸಿದ ರಾತ್ರಿ ಬೇಲಿಯೂ ಸತ್ತಿರುತ್ತದೆ. ಕಂಬದ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಕೊಡುವುದಂತೂ ಕೊಲೆಗೆ ಸಮಾನ. ಆನೆಗೂ ಆಯಿತು, ಬೆಳಗ್ಗೆ ಹುಲ್ಲಿಗೆ ಹೋದ ಮನೆಯವರಿಗೂ ಆಯಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಕೆಳಗೆ ಜೈಲೂ ಉಂಟು. ಈ ದೀಪ ಆನೆಯನ್ನು ಓಡಿಸುವುದಕ್ಕಲ್ಲ. ಅದು ಎಲ್ಲಿದೆಯೆಂದು ಕಂಡು, ಕೆಳಗಿಳಿಯದೆ ಕುಳಿತು, ಅಕ್ಕಪಕ್ಕದ ಅಟ್ಟಣೆಯವರನ್ನು ಕೂಗಿ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸುವುದಕ್ಕೆ.

ಮಳೆಗಾಲಕ್ಕೆ ಜೋಡಣೆಯನ್ನೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಟ್ರಾನ್ಸಿಸ್ಟರಿನ ತಗಡು ಮಾತ್ರ ಹೊರಗೆ ಗಾಳಿಗೆ ಇರುವಂತೆ ಮಾಡಿ, ತಂತಿ ಹೊರಬರುವ ತೂತು ಕೆಳಮುಖವಾಗಿರಲಿ. ಫ್ಯೂಸನ್ನು ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಹಾಕತಕ್ಕದ್ದು, ದೀಪದ ಹತ್ತಿರವಲ್ಲ. ನಡುವೆ ಇಲಿ ತಂತಿ ಕಡಿದರೆ ಒಣಹುಲ್ಲಿನ ಅಟ್ಟಣೆಗೆ ಬೆಂಕಿ ಹತ್ತದಂತೆ ತಡೆಯುವುದು ಅದೊಂದೇ.